ಬಸರಿ ಮರದ ಹಳದಿ ಗಂಟು

ಇಸವಿ ೨೧೭೪, ಬಿಸಿಲು ತಿಂಗಳ ನಲವತ್ತಾರನೆಯ ತಾರೀಖು, ಬೆಟಗೇರಿ

ನಮಗಿಂತ ಮೊದಲು ಊರುಗಳಲ್ಲಿ ಬದುಕಿದವರಿಗೆ,

ತಾರೀಖು ತಪ್ಪಿಲ್ಲ, ಎರಡನೆಯ ಸಲ ನೋಡಬೇಡಿ. ನಿಮ್ಮ ಮಾರ್ಚ್, ಏಪ್ರಿಲ್, ಮೇ ಮೂರೂ ನಮ್ಮಲ್ಲಿ ಒಂದೇ ರೀತಿ ಸುಡುವುದರಿಂದ ಅವನ್ನು ಸೇರಿಸಿ ಬಿಸಿಲು ತಿಂಗಳು ಅಂತ ಮಾಡಿದ್ದಾರೆ. ಅದಕ್ಕೇ ನಮ್ಮ ತಿಂಗಳಿಗೆ ನಲವತ್ತಾರನೆಯ ತಾರೀಖೂ ಇದೆ. ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಮ್ಮ ಚಿಗವ್ವನ ಬಗ್ಗೆ ಮಾಸ್ತರು ಒಂದು ಮಾತು ಆಡಿದರು, ನಾನು ಅವರ ಮೇಜು ಬೋರಲು ಹಾಕಿ ಬಂದೆ. ಅವತ್ತಿನಿಂದ ಅತ್ತ ಹೋಗಿಲ್ಲ.

ಹಿಂದಂಚೆ ಅಂತ ನಮ್ಮಲ್ಲಿ ಒಂದು ಅಂಚೆ ಇದೆ. ಮುಂದಿನ ಊರಿಗೆ ಹೋಗುವುದಿಲ್ಲ, ಹಿಂದಿನ ಕಾಲಕ್ಕೆ ಹೋಗುತ್ತದೆ. ಇಪ್ಪತ್ತು ತುಂಬಿದಾಗ ಪ್ರತಿಯೊಬ್ಬರಿಗೂ ಒಂದು ಕಾಗದ ಕಳಿಸಲು ಬಿಡುತ್ತಾರೆ, ಜನ್ಮಕ್ಕೆ ಒಂದೇ. ನನ್ನ ಓರಗೆಯವರು ಮುತ್ತಜ್ಜಿಗೆ ಬರೆದು ಹೋಳಿಗೆ ಮಾಡುವ ಬಗೆ ಕೇಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಅಂಚೆಮನೆಯಲ್ಲಿ ಕೂತ ಹೆಂಗಸು ನನ್ನ ಮೊದಲನೆಯ ಕಾಗದ ಓದಿ ವಾಪಸು ತಳ್ಳಿದಳು.

“ಅಚ್ಚಿನ ಕನ್ನಡದಾಗ ಬರೀಬೇಕವ್ವ. ಮನಿ ಮಾತು ಅಷ್ಟು ದೂರ ಹೋಗೂದಿಲ್ಲ, ದಾರ್ಯಾಗ ಉದುರತೈತಿ.”

“ಬೈಗುಳ ಹೋಗತಾವೋ ಇಲ್ಲೋ?”

“ಬೈಗುಳ ತೂಕ ಭಾಳ. ಕಳಸಾಕ ಬರೂದಿಲ್ಲ. ಮಂದಿ ಆಡಿದ್ದು ಬೇಕಾದ್ರ ಆಡಿದಂಗ ಬರಿ, ನಿಂದು ಮಾತ್ರ ನೆಟ್ಟಗ ಇರಲಿ.”

ಹಾಗಾಗಿ ನಿಮಗೆ ಅಂತ ಇಟ್ಟುಕೊಂಡಿದ್ದ ಒಳ್ಳೊಳ್ಳೆಯ ಬೈಗುಳಗಳನ್ನೆಲ್ಲ ಅಳಿಸಿದ್ದೇನೆ. ಅಳಿಸಿದ ಮೇಲೆ ಕೆಳಗೆ ಉಳಿದದ್ದು ಹಳಹಳಿ, ಬರೀ ಕೊರಗು. ಅದಕ್ಕೆ ತೂಕವಿಲ್ಲವಂತೆ, ಎಷ್ಟು ಬೇಕಾದರೂ ಕಳಿಸಬಹುದಂತೆ.

ನಾವಿದ್ದದ್ದು ಬೆಟಗೇರಿಯ ಹಂಚಿನ ಓಣಿಯಲ್ಲಿ. ನಾವು ಅಂದರೆ ನಾನು ಮತ್ತು ನೀಲವ್ವ. ನೀಲವ್ವ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ನಾನು ಕೈಗೂಸಿದ್ದಾಗ ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳ ಕಸುಬು ಮಿರ್ಚಿ ಕರಿಯುವುದು. ನಮ್ಮಲ್ಲಿ ಹೊತ್ತು ನೆತ್ತಿಗೆ ಬರುವ ಮೊದಲೇ ಕೊಂಬು ಊದುತ್ತಾರೆ, ಊದಿದ ಕೂಡಲೇ ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಬಿಸಿಲಿಗೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ, ಅದಕ್ಕೆ. ಸಂಜೆ ಕೊಂಬು ಮತ್ತೆ ಊದಿದಾಗ ಬಾಗಿಲು ತೆಗೆದು ಹೊರಗೆ ಬರುವ ಮಂದಿಗೆ ಹಸಿವೂ ಇರುತ್ತದೆ, ಒಬ್ಬರ ಮುಖ ಒಬ್ಬರು ನೋಡುವ ಆಸೆಯೂ ಇರುತ್ತದೆ. ಆ ಹೊತ್ತಿಗೆ ಸರಿಯಾಗಿ ನೀಲವ್ವನ ಎಣ್ಣೆ ಕಾದಿರುತ್ತಿತ್ತು. ಅವಳು ಕೂರುತ್ತಿದ್ದದ್ದು ಓಣಿಯ ನಡುವಿನ ಬಸರಿ ಮರದ ಕೆಳಗೆ. ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವಾಗ ಒಮ್ಮೆ ಮೇಲೆ ನೋಡುತ್ತಿದ್ದಳು, ಎಲೆ ಬೀಳುತ್ತದೇನೋ ಅಂತ. ಬಿದ್ದರೆ ಅದನ್ನೂ ಅದ್ದಿ ಕರಿದು ಹುಡುಗರಿಗೆ ಕೊಟ್ಟು ನಗುತ್ತಿದ್ದಳು.

ಬಸರಿ ನಿಮಗೆ ಬರೀ ಮರ ಇರಬಹುದು, ನಮಗೆ ಮನೆಯ ಮಾಳಿಗೆ ಇದ್ದಂತೆ. ಯಾಕೆ ಅಂತ ಹೇಳುತ್ತೇನೆ. ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಪ್ರತಿ ಓಣಿಯ ನೆರಳನ್ನು ಅಳೆಯುತ್ತಾರೆ. ಸಾಕಷ್ಟು ನೆರಳಿದ್ದರೆ ಅದು ವಾಸದ ನೆಲ, ಜನ ಇರಬಹುದು. ಕಡಿಮೆಯಾದರೆ ಅದು ಬಿಸಿಲ ನೆಲ. ಅಲ್ಲಿ ಯಾರೂ ಮನೆ ಮಾಡುವ ಹಾಗಿಲ್ಲ, ಬಿಸಿಲು ಹಿಡಿದು ಕರೆಂಟು ಮಾಡುವ ತಟ್ಟೆಗಳನ್ನು ಹಾಸಿಬಿಡುತ್ತಾರೆ. ಹಂಚಿನ ಓಣಿಯ ನೆರಳೆಲ್ಲ ಆ ಒಂದು ಬಸರಿಯದ್ದು. ಮರ ಹೋದರೆ ಓಣಿ ಹೋಯಿತು. ಇದು ಓಣಿಯ ಕೂಸುಗಳಿಗೂ ಗೊತ್ತಿತ್ತು. ಮರದ ಬೊಡ್ಡೆಗೆ ಯಾವನಾದರೂ ಮೊಳೆ ಹೊಡೆಯಲು ಬಂದರೆ ಮುದುಕಿಯರು ಕಸಬರಿಗೆ ಹಿಡಿದು ಏಳುತ್ತಿದ್ದರು. ಅಂಥ ಓಣಿಯಿಂದ ಮರ ಹೇಗೆ ಹೋಯಿತು ಅನ್ನುವುದೇ ಈ ಕಾಗದ.

ಮೊದಲು ನಮ್ಮಲ್ಲಿ ಊರಿನ ಸುದ್ದಿ ಬರುತ್ತಿದ್ದದ್ದು ಅಂಗೈಹಲಗೆಯ ಮೇಲೆ. ಅಂಗೈಯಗಲದ ಹಲಗೆ, ಎಲ್ಲರ ಹತ್ತಿರವೂ ಇರುತ್ತದೆ, ನಿಮ್ಮಲ್ಲೂ ಅಂಥದ್ದೇನೋ ಇತ್ತಂತೆ. ಎಲ್ಲಿ ಕೊಂಬೆ ಕಡಿಯುತ್ತಾರೆ, ಎಲ್ಲಿ ಗುಂಡಿ ತೋಡುತ್ತಾರೆ, ಯಾವ ನೆಲ ಯಾವುದಕ್ಕೆ ಅಂತ ಬದಲಾಯಿಸುತ್ತಾರೆ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಎಷ್ಟು ಬರುತ್ತಿತ್ತು ಅಂದರೆ ಊಟಕ್ಕೆ ಕೂತರೂ ಗುಂಯ್ ಅನ್ನುತ್ತಿತ್ತು, ಮಗು ಮಲಗಿಸಿದರೂ ಗುಂಯ್ ಅನ್ನುತ್ತಿತ್ತು. ಎಂಟು ಹರದಾರಿ ಆಚೆಯ ಓಣಿಯ ಬೇವಿನ ಕೊಂಬೆಯ ಸುದ್ದಿ ನಮಗೆ ಯಾಕೆ ಬೇಕು? ಮಂದಿ ಹಲಗೆಯ ಬಾಯಿ ಮುಚ್ಚಿಸಿದರು. ಆಗ ನೆರಳು ಕಚೇರಿಯವರು, ಅಂದರೆ ಮರ ಮತ್ತು ನೆಲ ನೋಡಿಕೊಳ್ಳುವವರು, ಕೂತು ಯೋಚನೆ ಮಾಡಿದರು. ಯಾವ ಮರದ ಸುದ್ದಿಯೋ ಆ ಮರಕ್ಕೇ ಕಟ್ಟೋಣ, ಆ ಓಣಿಯವರೇ ಓದಲಿ ಅಂದರು. ಯೋಚನೆ ಒಳ್ಳೆಯದೇ. ಕೆಟ್ಟವರು ಯಾರೂ ಇರಲಿಲ್ಲ ಇದರಲ್ಲಿ, ಅದೇ ನನ್ನ ಹೊಟ್ಟೆ ಉರಿಸುವುದು.

ಕಾಗದ ನಮ್ಮ ಬಿಸಿಲಿಗೆ ಹಪ್ಪಳವಾಗುತ್ತದೆ. ಅದಕ್ಕೆ ಬಟ್ಟೆಯ ಮೇಲೆ ಬರೆದರು. ದೂರದಿಂದ ಕಾಣಲಿ ಅಂತ ಹಳದಿ ಬಟ್ಟೆ ಆರಿಸಿದರು. ಅಕ್ಷರ ಬಿಸಿಲಿಗೆ ಮಾಸದಿರಲಿ ಅಂತ ಬರೆದ ಮಗ್ಗುಲನ್ನು ಒಳಗೆ ಮಡಚಿ, ಅದರೊಳಗೆ ಕಚೇರಿಯ ಮುದ್ರೆಯ ದುಂಡನೆಯ ಲೋಹದ ಬಿಲ್ಲೆ ಇಟ್ಟು, ಗಂಟು ಹಾಕಿ ಮರಕ್ಕೆ ಕಟ್ಟಿದರು. ಇದಕ್ಕೆ ಗಂಟುಪತ್ರ ಅಂತ ಹೆಸರಿಟ್ಟರು. ಬಿಚ್ಚಿ ಓದಿ, ಒಪ್ಪಿಗೆ ಅನ್ನುವವರು ಪಕ್ಕದಲ್ಲಿ ಒಂದು ದಾರ ಕಟ್ಟಬೇಕು. ಬೇಡ ಅನ್ನುವವರು ಗಂಟನ್ನೇ ಬಿಚ್ಚಿಕೊಂಡು ಹೋಗಿ ಕಚೇರಿಗೆ ಕೊಡಬೇಕು. ಇದು ಕ್ರಮ. ಈ ಕ್ರಮ ಬಂದಿದೆ ಅನ್ನುವ ಸುದ್ದಿಯನ್ನು ಊರಿಗೆ ಹೇಗೆ ತಿಳಿಸಿದರು ಗೊತ್ತೇ? ಗಂಟುಪತ್ರದಲ್ಲಿ ಬರೆದು ಊರ ಬಾಗಿಲಿನ ಮರಕ್ಕೆ ಕಟ್ಟಿದರು. ನಗಬೇಡಿ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಇವರು.

ಈಗ ನೀವೇ ಹೇಳಿ. ಹಳದಿ ಬಟ್ಟೆ, ಗಂಟು, ಮುಟ್ಟಿದರೆ ಒಳಗೆ ದುಂಡಗೆ ನಾಣ್ಯದಂಥದ್ದು, ಮರಕ್ಕೆ ಕಟ್ಟಿದ್ದಾರೆ. ಇದು ಏನು? ನಿಮ್ಮ ಕಾಲದಲ್ಲೂ ಇದು ಮುಡಿಪೇ ಆಗಿತ್ತು. ಮನೆಯಲ್ಲಿ ಯಾರಿಗೋ ಜಡ್ಡು, ಯಾರೋ ದೂರ ಹೋಗಿದ್ದಾರೆ, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಹೆಸರಿನಲ್ಲಿ ಇಡುವುದು. ಹಂಚಿನ ಓಣಿಯ ಕೂಸು ಮಾತು ಕಲಿಯುವ ಮೊದಲು ಕಲಿಯುವ ಒಂದು ವಿಷಯ, ಇನ್ನೊಬ್ಬರ ಮುಡಿಪು ಬಿಚ್ಚಬಾರದು. ಬಿಚ್ಚಿದರೆ ಹರಕೆ ಒಡೆಯುತ್ತದೆ.

ನಾನು ಆಗ ಊರಲ್ಲಿರಲಿಲ್ಲ. ನರೇಗಲ್ಲಿನ ಆಚೆ ಬಿಸಿಲ ನೆಲದಲ್ಲಿ ತಟ್ಟೆಗಳ ಧೂಳು ಒರೆಸುವ ಕೆಲಸಕ್ಕೆ ಹೋಗಿದ್ದೆ. ನಡೆದದ್ದನ್ನು ಆಮೇಲೆ ಓಣಿಯವರು ಹೇಳಿದ್ದು. ಒಂದು ಬೆಳಿಗ್ಗೆ ನೀಲವ್ವ ಮರದ ಕೆಳಗೆ ಕಸ ಹೊಡೆಯಲು ಹೋದಾಗ ಗಂಟು ಕಂಡಿತು. ಮೆಲ್ಲಗೆ ಮುಟ್ಟಿದಳು. ಬಿಲ್ಲೆ ಕೈಗೆ ಹತ್ತಿತು. ಕೈಯನ್ನು ಕಣ್ಣಿಗೆ ಒತ್ತಿಕೊಂಡು ಪಕ್ಕದ ಮನೆಯ ಮೌಲಾಸಾಬನನ್ನು ಕರೆದಳು. ಮೌಲಾಸಾಬ ಹಾಸಿಗೆ ಹೊಲಿಯುವವನು. ಅವನ ಮೊಮ್ಮಗನಿಗೆ ಬಿಸಿಲುಜ್ವರ ಏರಿ ಮೂರು ದಿನದಿಂದ ಇಳಿದಿರಲಿಲ್ಲ.

“ಯಾರೋ ಭಾಳ ದೊಡ್ಡ ಹರಕಿ ಹೊತ್ತಾರ ನೋಡೋ ಮೌಲಾ. ರೊಕ್ಕಾನೂ ದೊಡ್ಡದೈತಿ ಒಳಗ.”

“ಯಾರದಬೇ? ನಮ್ಮ ಓಣ್ಯಾಗ ಅಷ್ಟು ದೊಡ್ಡ ಮನಶ್ಯಾ ಯಾರದಾರ?”

“ಯಾರದರ ಇರಲಿ, ನಿಂಗ್ಯಾಕ. ನಿನ್ನ ಮೊಮ್ಮಗನ ಹೆಸರಲೇ ಒಂದು ದಾರ ಕಟ್ಟು. ದೊಡ್ಡ ಹರಕಿ ಬಾಜೂಕ ಸಣ್ಣದು ಕಟ್ಟಿದ್ರ ಅದಕ್ಕೂ ಗಾಳಿ ಹತ್ತತೈತಿ.”

ಹೇಳಿ ತಾನೇ ಮೊದಲು ತನ್ನ ಸೆರಗಿನ ಅಂಚಿನಿಂದ ದಾರ ಎಳೆದು ಕಟ್ಟಿದಳು. ನನ್ನ ಹೆಸರಲ್ಲಿ. ನಾನು ಒರಟಿ, ಹೊರಗಿನ ಕೆಲಸದಲ್ಲಿ ಯಾರ ಕೂಡ ಜಗಳ ಮಾಡಿ ಏನು ಮಾಡಿಕೊಳ್ಳುತ್ತೇನೋ ಅಂತ ಅವಳಿಗೆ ಚಿಂತೆ. ಮೌಲಾಸಾಬ ಹಾಸಿಗೆ ಹೊಲಿಯುವ ದಾರ ಕಟ್ಟಿದ. ಮರುದಿನ ಹುಡುಗನ ಜ್ವರ ಇಳಿಯಿತು. ಇಳಿಯುವ ಜ್ವರವೇ ಇರಬಹುದು. ಓಣಿಗೆ ಅಷ್ಟು ಸಾಕಾಯಿತು. ಒಬ್ಬರಾದ ಮೇಲೆ ಒಬ್ಬರು ಬಂದರು. ಗಂಟಿಗೆ ಅರಿಶಿನ ಬಳಿದರು, ಕುಂಕುಮ ಹಚ್ಚಿದರು, ಊದಿನಕಡ್ಡಿ ಚುಚ್ಚಿದರು. ಬೇರೆ ಓಣಿಯವರೂ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಸಂಜೆ ಕೊಂಬಿಗೆ ಕಾದು ಬಂದರು. ಬಂದವರು ದಾರ ಕಟ್ಟಿ, ನೀಲವ್ವನ ಹತ್ತಿರ ಮಿರ್ಚಿ ತಿಂದು, ಬಸರಿಯ ನೆರಳಲ್ಲಿ ಒಂದು ಗಳಿಗೆ ಕೂತು ಹೋದರು. ಬೊಡ್ಡೆಯೇ ಕಾಣದಷ್ಟು ದಾರ ಆಯಿತು. ಆ ಮರವನ್ನು ಅಷ್ಟು ಜನ ಅಷ್ಟು ಪ್ರೀತಿಯಿಂದ ಮುಟ್ಟಿದ್ದು ಅದರ ಜನ್ಮದಲ್ಲೇ ಮೊದಲಂತೆ.

ನಾನು ರಜೆಗೆ ಬಂದ ದಿನ ಓಣಿಯಲ್ಲಿ ಸನ್ಮಾನ ನಡೆಯುತ್ತಿತ್ತು.

ಮರದ ಕೆಳಗೆ ಜಮಖಾನೆ ಹಾಸಿದ್ದರು. ನೆರಳು ಕಚೇರಿಯ ಹೊಂಬಳ ಅನ್ನುವ ಅಧಿಕಾರಿ ಬಂದಿದ್ದರು. ತೆಳ್ಳಗೆ, ಕನ್ನಡಕ, ಮಾತಿಗೆ ಮುಂಚೆ ಕೈ ಮುಗಿಯುವ ಮನುಷ್ಯ. ಕೈಯಲ್ಲಿ ಶಾಲು, ಹಾರ, ‘ಮಾದರಿ ಓಣಿ’ ಅಂತ ಕೊರೆದ ಹಿತ್ತಾಳೆಯ ಫಲಕ. ನೀಲವ್ವ ಹೊಸ ಇಳಕಲ್ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ, ಈಗ ಏಳಲೋ ಆಗ ಏಳಲೋ ಅನ್ನುವಂತೆ ಕೂತಿದ್ದಳು. ನನ್ನನ್ನು ಕಂಡು ಕಣ್ಣಲ್ಲೇ ಕರೆದಳು. ನಾನು ಮೌಲಾಸಾಬನ ಪಕ್ಕ ನಿಂತೆ.

“ಏನ್ ಕಾಕಾ, ನಮ್ಮ ಚಿಗವ್ವ ಮಂತ್ರಿ ಆದಳೇನು?”

“ಬಾಯಿ ಮುಚ್ಚಗೊಂಡು ನಿಂದ್ರಲೇ ಹುಲಿಗಿ. ನಮ್ಮ ಭಕ್ತಿ ನೋಡಿ ಸರಕಾರದವರು ಬಂದಾರ.”

ಹೊಂಬಳರು ಶಾಲು ಹೊದಿಸಿದರು. ಮಂದಿ ಚಪ್ಪಾಳೆ ತಟ್ಟಿದರು.

“ನೀಲವ್ವಾರ, ಈ ಊರಾಗ ಯಾ ಕೆಲಸಕ್ಕೂ ಇಷ್ಟು ದಾರ ಬಂದಿಲ್ರಿ. ಮೊದಲನೇ ದಾರ ನಿಮ್ಮದು ಅಂತ ಕೇಳಿ ನೋಡಾಕ ಬಂದ್ವಿ.”

“ಎಲ್ಲಾ ದೇವರ ದಯಾ ರೀ ಸಾಹೇಬ್ರ.”

“ದೇವರದೇನೈತ್ರಿ ಇದರಾಗ, ನಿಮ್ಮ ಮನಸು ದೊಡ್ಡದು. ಬ್ಯಾರೆ ಓಣಿಯವರು ಗಿಡದ ಮಾತು ತಗದ್ರ ಕಲ್ಲು ಒಗೀತಾರ್ರಿ. ನೀವು ಊರಿನ ಕರೆಂಟಿಗೆ ಅಂತ ನಿಮ್ಮ ಮನೀನ ಬಿಟ್ಟುಕೊಟ್ರಿ.”

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ನಾನು ಮುಂದೆ ಹೋದೆ.

“ಗಿಡದ ಯಾ ಮಾತು? ಯಾರು ಮನಿ ಬಿಟ್ಟುಕೊಟ್ಟಾರ?”

ಹೊಂಬಳರು ನನ್ನ ಮುಖ ನೋಡಿದರು, ನೀಲವ್ವನ ಮುಖ ನೋಡಿದರು. ಅವರಿಗೆ ಅರ್ಥವಾಗಿದ್ದು ನಮಗಿಂತ ಮೊದಲು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಅವ್ವಾರ, ನೀವು ಗಂಟು ಓದೀರಲ್ರಿ?”

“ಏನು ಓದೂದ್ರಿ?”

“ಗಂಟಿನೊಳಗ ಬರದದಲ್ರಿ. ಬಿಚ್ಚಿ ಓದಿಲ್ಲೇನ್ರಿ?”

ನೀಲವ್ವನಿಗೆ ಸಂಕೋಚವಾಯಿತು. ದೊಡ್ಡ ಮನುಷ್ಯ ಏನೋ ತಿಳಿಯದ ಮಾತಾಡಿದಾಗ ತಿದ್ದುವ ಸಂಕೋಚ. ದನಿ ಇಳಿಸಿ ಹೇಳಿದಳು.

“ಮಂದಿ ಮುಡಿಪು ಯಾರರ ಬಿಚ್ಚಿ ಓದತಾರೇನ್ರಿ, ಸಾಹೇಬ್ರ?”

ನಾನು ಮರಕ್ಕೆ ಹಾರಿದೆ. ಕುಂಕುಮ, ಅರಿಶಿನ, ಎಣ್ಣೆ ಎಲ್ಲ ಸೇರಿ ಗಂಟು ಕಲ್ಲಿನಂತಾಗಿತ್ತು, ಹಲ್ಲಿನಿಂದ ಬಿಚ್ಚಿದೆ. ಆಗಲೂ ನೀಲವ್ವ ಹಿಂದಿನಿಂದ ಕೂಗಿದ್ದು, “ಬ್ಯಾಡಲೇ ಹುಲಿಗಿ, ಯಾರದೋ ಏನೋ!” ಅಂತ. ಬಟ್ಟೆ ಬಿಡಿಸಿ ಗಟ್ಟಿಯಾಗಿ ಓದಿದೆ. ಓದಿದ್ದು ಇದು: ‘ಈ ಮರವನ್ನು ತೆರವುಗೊಳಿಸಲು ಹಾಗೂ ಸದರಿ ಓಣಿಯನ್ನು ಬಿಸಿಲ ನೆಲವೆಂದು ಮಾರ್ಪಡಿಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆಯುಳ್ಳವರು ಗಂಟನ್ನು ಕಚೇರಿಗೆ ತಲುಪಿಸತಕ್ಕದ್ದು. ನಿಗದಿತ ಅವಧಿಯೊಳಗೆ ತಲುಪದಿದ್ದಲ್ಲಿ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು.’

ಯಾರೂ ಅಳಲಿಲ್ಲ. ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು, ಅದನ್ನು ಇಳಿಸುವವರೂ ಇರಲಿಲ್ಲ. ನೀಲವ್ವ ಶಾಲನ್ನು ಮಡಚಿದಳು, ಅಂಚಿಗೆ ಅಂಚು ಕೂಡಿಸಿ, ಅಂಗಡಿಯಲ್ಲಿ ಮಡಚಿದಂತೆ. ಹೊಂಬಳರ ಕೈಗೆ ಕೊಟ್ಟಳು.

“ಈಗ ಬಿಚ್ಚೈತಲ್ರಿ ಗಂಟು. ತಗೊಂಡು ಹೋಗ್ರಿ. ಬ್ಯಾಡ ಅಂತೀವಿ ನಾವು.”

“ಅವಧಿ ಮುಗದೈತ್ರಿ, ಅವ್ವಾ.”

“ನೀವು ಓಣಿಗೆ ಬಂದಿದ್ರಿ, ಗಂಟು ಕಟ್ಟಾಕ?”

“ನಮ್ಮ ಮಂದಿ ಬಂದಿದ್ರು.”

“ಬಂದಾವರು ಒಂದು ಬಾಗಿಲಾ ಬಡದು ಹಿಂಗಿಂಗ ಅಂತ ಹೇಳಿದ್ರ ನಾಲಿಗಿ ಸವೀತಿತ್ತೇನ್ರಿ? ನೀರು ಕೊಡತಿದ್ವಿ. ಮಿರ್ಚಿ ಕೊಡತಿದ್ವಿ.”

ಹೊಂಬಳರು ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡರು. ಆದರೆ ಓಡಿಹೋಗಲಿಲ್ಲ ಅವರು, ಅದನ್ನು ಒಪ್ಪುತ್ತೇನೆ. ಮರುದಿನ ನಮ್ಮನ್ನು ತಾವೇ ಕಚೇರಿಗೆ ಕರೆದುಕೊಂಡು ಹೋದರು. ನಾನು ಅಲ್ಲಿ ಕೂಗಿದೆ, ಒಂದು ಕುರ್ಚಿ ಮುರಿದೆ. ಮೇಲಿನವರು ಸಮಾಧಾನವಾಗಿ ಕೇಳಿ, ದಾರಗಳ ಎಣಿಕೆ ಆಗಿ ಹೋಗಿದೆ ಅಂದರು. ಮೌಲಾಸಾಬ ತನ್ನ ದಾರ ಮೊಮ್ಮಗನ ಜ್ವರಕ್ಕೆ ಕಟ್ಟಿದ್ದು ಅಂದ. ದಾರದ ಮೇಲೆ ಹಾಗೆ ಬರೆದಿಲ್ಲ ಅಂದರು. ಹೊರಗೆ ಬಂದ ಮೇಲೆ ಹೊಂಬಳರು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು.

“ಆ ಕಡೀ ಸಾಲು ಐತಲ್ಲ ತಂಗಿ, ಅದು ನಾವು ಬರದದ್ದಲ್ಲ. ನೂರೈವತ್ತು ವರ್ಷದ ಹಿಂದಿಂದು. ಕಾಗದ ಹೋತು, ಹಲಗಿ ಬಂತು, ಅದೂ ಹೋತು, ಈ ಗಂಟಿನ ಅರಬಿ ಬಂತು. ಸಾಲು ಮಾತ್ರ ಹಂಗ ಉಳಕೊಂಡು ಬಂದೈತಿ. ಅದನ್ನ ಮುಟ್ಟಾಕ ಎಲ್ಲಾರಿಗೂ ಅಂಜಿಕಿ.”

ಆವತ್ತು ನನಗೆ ನಿಮ್ಮ ವಿಳಾಸ ಸಿಕ್ಕಿತು.

ಹೊಂಬಳರು ನಿಮ್ಮ ಕಾಲದ ಕೆಲವು ಚಿತ್ರಗಳನ್ನು ತೋರಿಸಿದರು. ಒಂದು ಚಿತ್ರದಲ್ಲಿ ಯಾವುದೋ ಊರಿನ ರಸ್ತೆಯ ಬದಿ ದೊಡ್ಡ ಮರ, ಬೊಡ್ಡೆಗೆ ಹೊಡೆದ ಕಾಗದ. ಅಕ್ಷರ ಇರುವೆಯಷ್ಟು. ಅದೇ ಮರಕ್ಕೆ ಒಬ್ಬ ಗಾಡಿ ಒರಗಿಸಿ, ಕಾಗದಕ್ಕೆ ಬೆನ್ನು ಮಾಡಿ, ನೆರಳಲ್ಲಿ ಎಳನೀರು ಕುಡಿಯುತ್ತಿದ್ದಾನೆ. ಅವನನ್ನು ನಾನು ಬಹಳ ಹೊತ್ತು ನೋಡಿದೆ. ಬಯ್ಯಬೇಕು ಅನ್ನಿಸಿತು. ಆಮೇಲೆ ಅನ್ನಿಸಿದ್ದು, ಇವನಿಗೆ ಯಾರಾದರೂ ಭುಜ ತಟ್ಟಿ ‘ಅಣ್ಣಾ, ಈ ಮರ ಬರುವ ವಾರ ಇರುವುದಿಲ್ಲ’ ಅಂತ ಹೇಳಿದ್ದರೆ ಇವನು ಎಳನೀರು ಕೆಳಗಿಡುತ್ತಿದ್ದನೋ ಏನೋ. ನನಗೆ ಗೊತ್ತಿಲ್ಲ. ಯಾರೂ ಹೇಳಿಲ್ಲವಾದ್ದರಿಂದ ಅವನಿಗೂ ಗೊತ್ತಿಲ್ಲ.

ಮರ ಕಡಿಯುವವರು ಮುಂಜಾನೆ ಬಂದರು. ನಮ್ಮ ಗರಗಸಕ್ಕೆ ಸದ್ದಿಲ್ಲ, ಅದೊಂದು ಕೇಡು. ಸದ್ದಿದ್ದರೆ ಅಷ್ಟಾದರೂ ಅತ್ತ ಹಾಗಾಗುತ್ತಿತ್ತು. ಹೊಂಬಳರು ಮೊದಲು ದಾರಗಳನ್ನೆಲ್ಲ ಬಿಡಿಸಿ ಬುಟ್ಟಿಯಲ್ಲಿ ಹಾಕಿಸಿದರು, ಹರಕೆಯದು, ನೀರಿಗೆ ಬಿಡಬೇಕು ಅಂತ. ಕೆರೆಯಲ್ಲಿ ನೀರಿರಲಿಲ್ಲ. ಒಣಗಿದ ಕೆಸರಿನ ಮೇಲೆ ಇಟ್ಟು ಬಂದರು. ಬಸರಿ ಮೆಲ್ಲಗೆ ವಾಲಿ, ಯಾರ ಮನೆಯ ಮೇಲೂ ಬೀಳದೆ, ಓಣಿಯ ಉದ್ದಕ್ಕೆ ಮಲಗಿತು. ಅದು ಬಿದ್ದ ಮೇಲೆ ಬಂದ ಬೆಳಕು ಎಂಥದ್ದು ಅಂತ ಹೇಳಲು ನನಗೆ ಬರುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ಬಾಗಿಲು, ಕಟ್ಟೆ, ಗೋಡೆ ಎಲ್ಲ ಬೇರೆಯವರದ್ದು ಅನ್ನುವಂತೆ ಕಂಡವು. ಮೌಲಾಸಾಬ ಮೊಮ್ಮಗನ ತಲೆಗೆ ತನ್ನ ಟವೆಲು ಹಾಕಿ ಒಳಗೆ ಕರೆದುಕೊಂಡು ಹೋದ.

ಈಗ ನಾವಿರುವುದು ನೆಲಮನೆಯಲ್ಲಿ. ಓಣಿ ಕಳೆದುಕೊಂಡವರಿಗೆ ಅಂತ ಊರ ಹೊರಗೆ ನೆಲದ ಕೆಳಗೆ ಸಾಲಾಗಿ ಕೊರೆದ ಖೋಲಿಗಳು. ತಂಪು ಇದೆ, ನೀರಿದೆ, ಒಂದು ಗೋಡೆಯಲ್ಲಿ ಆಕಾಶದ ಚಿತ್ರ ಬೆಳಗಿಸುತ್ತಾರೆ. ಬೆಂಕಿ ಹಚ್ಚುವ ಹಾಗಿಲ್ಲ, ಹೊಗೆ ಹೋಗಲು ದಾರಿಯಿಲ್ಲ. ನೀಲವ್ವನ ಬಾಣಲೆ ಮಂಚದ ಕೆಳಗಿದೆ. ಹಂಚಿನ ಓಣಿಯವರನ್ನು ಒಂದೇ ಸಾಲಿನಲ್ಲಿ ಇಡಲಿಲ್ಲ, ಎಲ್ಲಿ ಖೋಲಿ ಖಾಲಿಯಿತ್ತೋ ಅಲ್ಲಿ ಇಟ್ಟರು. ಮೌಲಾಸಾಬನನ್ನು ನೋಡಬೇಕೆಂದರೆ ಅರ್ಧ ದಿನ ಸುರಂಗದಲ್ಲಿ ನಡೆಯಬೇಕು. ಒಮ್ಮೆ ಬಂದಿದ್ದ. ಇಬ್ಬರೂ ಕೂತು ಗೋಡೆಯ ಆಕಾಶ ನೋಡಿ ಎದ್ದರು.

ನೆಲಮನೆಯ ಬಾಯಿಯಲ್ಲಿ, ಬೆಳಕು ಬೀಳುವ ಕಡೆ, ಒಂದು ಕುಳ್ಳ ಬೇವು ಇದೆ. ಅಲ್ಲಿಯ ಹೆಂಗಸರು ಅದಕ್ಕೆ ಮುಡಿಪು ಕಟ್ಟುತ್ತಾರೆ. ನಾವು ಹೋದ ಹೊಸದರಲ್ಲಿ ಒಂದು ದಿನ ನೀಲವ್ವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಬೇವಿನ ಕೆಳಗೆ ಕೂತು ಒಂದೊಂದೇ ಗಂಟು ಬಿಚ್ಚುತ್ತಿದ್ದಳು. ಬಿಚ್ಚುವುದು, ಬಟ್ಟೆಯ ಎರಡೂ ಮಗ್ಗುಲು ತಿರುವಿ ನೋಡುವುದು, ನಾಣ್ಯ ಪಕ್ಕಕ್ಕಿಡುವುದು. ಎಲ್ಲ ನಿಜವಾದ ಹರಕೆಗಳು. ಅವುಗಳಲ್ಲಿ ಒಂದು ರೇಣವ್ವ ಅನ್ನುವವಳದ್ದು. ಅವಳ ಗಂಡ ಆಳದ ಬಾವಿ ತೋಡುವ ಕೆಲಸಕ್ಕೆ ಇಳಿದಿದ್ದ. ರೇಣವ್ವ ಓಡಿಬಂದು ನನ್ನ ಚಿಗವ್ವನ ಕೈ ಹಿಡಿದು ಎಳೆದಳು.

“ಏ ಪಾಪಿ, ನನ್ನ ಗಂಡ ಇನ್ನೂ ಬಾವ್ಯಾಗ ಅದಾನ! ಯಾಕ ಬಿಚ್ಚಿದೆ? ನಿನಗೇನ ಮಾಡಿದ್ದೆ ನಾ?”

“ಏನರ ಬರದಾರೇನ ಅಂತ ನೋಡಿದೆ ತಂಗಿ. ಏನೂ ಬರದಿಲ್ಲ. ಅಂಜಬ್ಯಾಡ.”

“ಹರಕ್ಯಾಗ ಏನು ಬರದಿರತೈತಿ, ಹುಚ್ಚಿ!”

ರೇಣವ್ವನ ಗಂಡ ಆ ವಾರವೇ ಕಾಲು ಮುರಿದುಕೊಂಡು ಮೇಲೆ ಬಂದ. ಈಗ ನೆಲಮನೆಯಲ್ಲಿ ನೀಲವ್ವನನ್ನು ಕಂಡರೆ ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮುಡಿಪನ್ನು ಯಾರೂ ಮರಕ್ಕೆ ಕಟ್ಟುವುದಿಲ್ಲ, ದಿಂಬಿನ ಕೆಳಗೆ ಅಡಗಿಸುತ್ತಾರೆ. ನಾನು ಎಷ್ಟು ಸಲ ಬೈದೆ, ಕೈ ಹಿಡಿದು ಬೇಡಿಕೊಂಡೆ. ಕೇಳುವುದಿಲ್ಲ ಅವಳು. ದಿನವೂ ಹೋಗಿ ಬರಿದಾದ ಬೇವನ್ನು ಸುತ್ತು ಹಾಕಿ ನೋಡಿ ಬರುತ್ತಾಳೆ. ಇನ್ನೊಬ್ಬರ ಗಂಟು ಮುಟ್ಟುವುದಕ್ಕೂ ಅಂಜುತ್ತಿದ್ದ ಹೆಂಗಸು ಅವಳು. ನಿಮ್ಮ ಒಂದು ಸಾಲು ನಮ್ಮ ಮರ ತೆಗೆದುಕೊಂಡಿತು, ನೆಲ ತೆಗೆದುಕೊಂಡಿತು, ಅದೆಲ್ಲ ಒಂದು ಕಡೆ ಇರಲಿ. ಆ ಅಂಜಿಕೆಯನ್ನು ತೆಗೆದುಕೊಂಡಿತಲ್ಲ, ಅದನ್ನು ನಾನು ಯಾವ ಕಚೇರಿಯಲ್ಲಿ ಕೇಳಲಿ?

ಆದ್ದರಿಂದ ನನ್ನ ಬೇಡಿಕೆ. ನಿಮ್ಮ ಕಾಲದಲ್ಲಿ, ನೀವು ಇದನ್ನು ಓದುತ್ತಿರುವ ಈ ಹೊತ್ತಿನಲ್ಲೂ, ಯಾವುದೋ ಕಚೇರಿಯಲ್ಲಿ ಯಾರೋ ಆ ಸಾಲನ್ನು ಬರೆಯುತ್ತಿದ್ದಾರೆ. ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು. ಭಾವಿಸುವವರು ಯಾರು? ಒಬ್ಬ ಮನುಷ್ಯನ ಹೆಸರಿಲ್ಲ ಅದರಲ್ಲಿ. ಅದನ್ನು ಹೊಡೆದು ಹಾಕಿಸಿ. ಬರೆಯುವವರು ನೀವೇ ಆಗಿದ್ದರೆ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬಾಗಿಲು ಬಡಿಯಿರಿ. ಇಂಥ ಮರ, ಇಂಥ ದಿನ, ಇಂಥ ಕಾರಣ ಅಂತ ಬಾಯಿಂದ ಹೇಳಿ. ಬೈಯುತ್ತಾರೆ, ಬೈಸಿಕೊಳ್ಳಿ. ಹೌದು ಅನ್ನುವ ಶಬ್ದ ಕಿವಿಗೆ ಬೀಳುವವರೆಗೆ ಹೌದು ಅಂತ ಬರೆದುಕೊಳ್ಳಬೇಡಿ. ಬರೆಯುವವರು ನೀವಲ್ಲದಿದ್ದರೆ, ಮರದ ಮೇಲೆ ಏನಾದರೂ ಅಂಟಿಸಿದ್ದು ಕಂಡಾಗ ಓದಿ. ಓದಿ ಸುಮ್ಮನಾಗಬೇಡಿ, ಓಣಿಯಲ್ಲಿ ನಿಂತು ಕೂಗಿ ಓದಿ. ಓದಲು ಬಾರದವರಿರುತ್ತಾರೆ, ಓದಲು ಬಂದರೂ ಭಯವಿರುವವರು ಇರುತ್ತಾರೆ, ಭಕ್ತಿಯಿರುವವರು ಇರುತ್ತಾರೆ.

ನಮಗೆ ಬೇಕಾದ್ದು ಇಷ್ಟೇ. ಬಸರಿಗೆ ನೀರು ಹಾಕಿ ಅಂತ ನಾನು ಕೇಳುವುದಿಲ್ಲ. ಈಗ ಅದು ನಿಮ್ಮ ಮೊಣಕಾಲಿನಷ್ಟು ಎತ್ತರ ಇರಬಹುದು, ಯಾವುದೋ ಗಟಾರದ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಎದ್ದಿರಬಹುದು. ಅದು ತಾನಾಗಿಯೇ ಬೆಳೆದುಕೊಳ್ಳುತ್ತದೆ.

ಈ ಕಾಗದ ಫಲಿಸಿದರೆ ಏನಾಗುತ್ತದೆ ಅಂತ ಅಂಚೆಮನೆಯ ಹೆಂಗಸನ್ನು ಕೇಳಿದೆ. ಫಲಿಸಿದರೆ ನೀನು ಇದನ್ನು ಬರೆದದ್ದೇ ನಿನಗೆ ನೆನಪಿರುವುದಿಲ್ಲ ಅಂದಳು. ಹಾಗೇ ಆಗಲಿ. ನಾನು ರಜೆಗೆ ಬರುತ್ತೇನೆ, ಯಾರ ಮೇಲೂ ಸಿಟ್ಟಿರುವುದಿಲ್ಲ, ಯಾಕೆ ಇಲ್ಲ ಅಂತಲೂ ಗೊತ್ತಿರುವುದಿಲ್ಲ. ನಿಮಗೆ ಉಪಕಾರ ಹೇಳುವವರು ಒಬ್ಬರೂ ಇರುವುದಿಲ್ಲ, ಏಕೆಂದರೆ ಏನೂ ನಡೆದಿರುವುದಿಲ್ಲ. ಸಂಜೆಯಾಗಿರುತ್ತದೆ, ಒಬ್ಬ ಹೆಂಗಸು ಮೆಣಸಿನಕಾಯಿ ಕರಿಯುತ್ತಿರುತ್ತಾಳೆ, ಅಷ್ಟೇ.

ಹುಲಿಗೆವ್ವ
ನೀಲವ್ವನ ಮಗಳು ಅಂತಲೇ ಬರೆದುಕೊಳ್ಳಿ